ಊರ ನಡುವಿನ ರಸ್ತೆ ಎಷ್ಟು ಹೊತ್ತೀತು?

ಸಂಜೆ ಐದರ ಹೊತ್ತಿಗೆ ಸಿಂಧನೂರಿನ ಮಹಾತ್ಮ ಗಾಂಧಿ ವೃತ್ತವನ್ನು ದಾಟಿ ಬಲ್ಲವರಿಗೆ ಈ ಲೇಖನದ ವಿಷಯವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ರಾಯಚೂರು, ಗಂಗಾವತಿ, ಮಸ್ಕಿ, ಸಿರುಗುಪ್ಪ, ಕುಷ್ಟಗಿ, ಹೀಗೆ ಹಲವು ದಿಕ್ಕಿನ ಬಸ್ಸು ಲಾರಿಗಳು ಊರ ನಡುವೆಯೇ ಎದುರಾಗುತ್ತವೆ. ಅವುಗಳ ಸಂದಿಯಲ್ಲಿ ಟಂಟಂಗಳು, ಬೈಕುಗಳು, ಹಣ್ಣಿನ ತಳ್ಳುಬಂಡಿಗಳು, ಶಾಲೆ ಬಿಟ್ಟು ಬರುವ ಮಕ್ಕಳು. ಲಿಂಗಸುಗೂರು ಮತ್ತು ಮಸ್ಕಿಯ ಪೇಟೆಗಳಲ್ಲಿಯೂ ದೃಶ್ಯ ಇದೇ, ಪ್ರಮಾಣ ಮಾತ್ರ ಬೇರೆ. ಪರಿಹಾರವೇನೆಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ರಸ್ತೆ ಸಾಲದು, ಅಗಲ ಮಾಡಬೇಕು.

ಈ ಉತ್ತರ ಪೂರ್ತಿ ತಪ್ಪಲ್ಲ. ಆದರೆ ರಸ್ತೆ ಅಗಲ ಮಾಡುವುದೆಂದರೆ ಎರಡೂ ಬದಿಯ ಅಂಗಡಿಗಳ ಮುಂಭಾಗ ಒಡೆಯಬೇಕು, ಪರಿಹಾರ ಕೊಡಬೇಕು, ಚರಂಡಿ ಮತ್ತು ವಿದ್ಯುತ್ ಕಂಬಗಳನ್ನು ಸರಿಸಬೇಕು, ಮರ ಕಡಿಯಬೇಕು. ಇಷ್ಟೆಲ್ಲ ಆದ ಮೇಲೂ ದಟ್ಟಣೆ ಹಾಗೆಯೇ ಉಳಿದರೆ? ಹಾಗೆ ಉಳಿದ ಊರುಗಳು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ. ಆದ್ದರಿಂದ ಗೋಡೆ ಒಡೆಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ರಸ್ತೆ ಗಂಟೆಗೆ ಎಷ್ಟು ವಾಹನಗಳನ್ನು ಸಾಗಿಸಬಲ್ಲದು, ಮತ್ತು ಆ ಸಂಖ್ಯೆಯನ್ನು ನಿರ್ಧರಿಸುತ್ತಿರುವುದು ಯಾವ ಜಾಗ? ಇದು ಅಭಿಪ್ರಾಯದ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಗಡಿಯಾರ, ಅಳತೆ ಪಟ್ಟಿ ಮತ್ತು ಹೈಸ್ಕೂಲಿನ ಗಣಿತ ಇದ್ದರೆ ಇದಕ್ಕೆ ಸಾಕಷ್ಟು ಸಮೀಪದ ಉತ್ತರ ಸಿಗುತ್ತದೆ.

ಮೂರು ಊರು, ಒಂದು ಹೆದ್ದಾರಿ

ಈ ಮೂರು ಊರುಗಳನ್ನು ಒಂದೇ ದಾರಿ ಪೋಣಿಸುತ್ತದೆ. ಹಿಂದೆ ಬೀದರ್–ಶ್ರೀರಂಗಪಟ್ಟಣ ರಾಜ್ಯ ಹೆದ್ದಾರಿಯ ಭಾಗವಾಗಿದ್ದು ಈಗ 150ಎ ರಾಷ್ಟ್ರೀಯ ಹೆದ್ದಾರಿಯಾಗಿರುವ ಈ ದಾರಿ ಜೇವರ್ಗಿ, ಶಹಾಪುರ, ಸುರಪುರಗಳಿಂದ ಲಿಂಗಸುಗೂರಿಗೆ ಬಂದು, ಮಸ್ಕಿ, ಸಿಂಧನೂರು, ಸಿರುಗುಪ್ಪಗಳ ಮೂಲಕ ಬಳ್ಳಾರಿಯ ಕಡೆಗೆ ಹೋಗುತ್ತದೆ. ಲಿಂಗಸುಗೂರಿನಲ್ಲಿ ಇದನ್ನು ರಾಯಚೂರಿನಿಂದ ಮುದಗಲ್, ಹುನಗುಂದ, ಬೆಳಗಾವಿಯ ಕಡೆಗೆ ಹೋಗುವ ರಸ್ತೆ ಅಡ್ಡ ಹಾಯುತ್ತದೆ. ಸಿಂಧನೂರಿನಲ್ಲಿ ರಾಯಚೂರು–ಗಂಗಾವತಿ ರಸ್ತೆ ಅಡ್ಡ ಹಾಯುತ್ತದೆ. ಎರಡು ದೊಡ್ಡ ರಸ್ತೆಗಳು ಕೂಡುವಲ್ಲಿ ಪೇಟೆ ಬೆಳೆಯುವುದು ಸಹಜ. ಪೇಟೆ ಬೆಳೆದ ಮೇಲೆ ಆ ಕೂಡುವಿಕೆಯೇ ಪೇಟೆಗೆ ಭಾರವಾಗುವುದೂ ಅಷ್ಟೇ ಸಹಜ.

ಮೂರರ ಬೆಳವಣಿಗೆಯ ಕಾರಣಗಳು ಮಾತ್ರ ಬೇರೆ ಬೇರೆ. ಲಿಂಗಸುಗೂರು ನಿಜಾಮರ ಕಾಲದಲ್ಲಿ ದಂಡಿನ ನೆಲೆ. 1905ರವರೆಗೆ ಒಂದು ಜಿಲ್ಲೆಯ ಹೆಸರೇ ಅದಾಗಿತ್ತು. ಹಟ್ಟಿಯ ಚಿನ್ನದ ಗಣಿ ಇರುವುದು ಇದೇ ತಾಲ್ಲೂಕಿನಲ್ಲಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅಶೋಕನ ಶಾಸನವನ್ನು ಗುರುತಿಸಿದ ಮೇಲೆ ಜಗತ್ತಿಗೆ ಪರಿಚಿತವಾದ ಮಸ್ಕಿ, 2018ರ ಸುಮಾರಿಗೆ ತಾಲ್ಲೂಕು ಕೇಂದ್ರವಾಯಿತು. ಒಂದು ಊರು ತಾಲ್ಲೂಕು ಕೇಂದ್ರವಾದರೆ ಕಚೇರಿ ಕೆಲಸಕ್ಕೆ ಬರುವ ಹಳ್ಳಿಗಳೆಲ್ಲ ಆ ಊರಿನ ಸಂಚಾರದಲ್ಲಿ ಹೊಸದಾಗಿ ಸೇರಿಕೊಳ್ಳುತ್ತವೆ. ಸಿಂಧನೂರನ್ನು ಬೆಳೆಸಿದ್ದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಜೋಳದ ಎರೆನೆಲದಲ್ಲಿ ನೆಲ್ಲು ಬೆಳೆಯಿತು, ಸುತ್ತ ಕ್ಯಾಂಪುಗಳು ಹುಟ್ಟಿದವು, ಅಕ್ಕಿ ಗಿರಣಿಗಳು ಬಂದವು. 2011ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಸುಮಾರು 75 ಸಾವಿರ. 2024ರ ಮಾರ್ಚ್‌ನಲ್ಲಿ ಗಿಣಿಗೇರಾ–ಮಹಬೂಬನಗರ ಮಾರ್ಗದ ರೈಲು ಕಾರಟಗಿಯಿಂದ ಮುಂದುವರಿದು ಸಿಂಧನೂರನ್ನು ಮುಟ್ಟಿತು. ರೈಲು ನಿಲ್ದಾಣವೂ ಊರ ನಡುವಿನ ಸಂಚಾರದ ಲೆಕ್ಕಕ್ಕೆ ಸೇರುವ ಹೊಸ ಪದ.

ಹಾಪರಿನ ಬಾಯಿ

ನೀವು ಅಕ್ಕಿ ಗಿರಣಿಯನ್ನು ಒಳಹೊಕ್ಕು ನೋಡಿದ್ದರೆ ಕಾಳು ಸುರಿಯುವ ಹಾಪರನ್ನು ಗಮನಿಸಿರುತ್ತೀರಿ. ಮೇಲೆ ಅಗಲ, ಕೆಳಗೆ ಕಿರಿದಾದ ಬಾಯಿ. ಇದೇ ಆಕಾರದ ತೊಟ್ಟಿಯಲ್ಲಿ ನೀರು ತುಂಬಿದರೆ, ನೀರಿನ ಮಟ್ಟ ಎತ್ತರವಿದ್ದಷ್ಟೂ ಕೆಳಗೆ ವೇಗವಾಗಿ ಹರಿಯುತ್ತದೆ. ಕಾಳು ಹಾಗಲ್ಲ. ಹಾಪರು ತುಂಬ ತುಂಬಿದ್ದರೂ ಅರ್ಧ ಇದ್ದರೂ ಬಾಯಿಯಿಂದ ಸೆಕೆಂಡಿಗೆ ಬೀಳುವ ಕಾಳಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅದನ್ನು ನಿರ್ಧರಿಸುವುದು ಬಾಯಿಯ ಅಗಲ ಮಾತ್ರ. ದುಂಡು ಬಾಯಿಯಾದರೆ ಹರಿವು ವ್ಯಾಸದ ಎರಡೂವರೆ ಘಾತಕ್ಕೆ ಸುಮಾರಾಗಿ ಅನುಪಾತದಲ್ಲಿರುತ್ತದೆಂದು 1961ರಲ್ಲಿ ಬೆವರ್ಲೂ ಮತ್ತು ಸಂಗಡಿಗರು ತೋರಿಸಿದರು. ಬಾಯಿ ತೀರ ಕಿರಿದಾದರೆ ಕಾಳುಗಳು ಒಂದಕ್ಕೊಂದು ಆನಿಕೊಂಡು ಕಮಾನು ಕಟ್ಟಿ ಹರಿವು ನಿಂತೇ ಹೋಗುತ್ತದೆ. ಆಗ ಗಿರಣಿಯ ಆಳು ಕೋಲಿನಿಂದ ತಟ್ಟುತ್ತಾನೆ. ನಮ್ಮ ವೃತ್ತಗಳಲ್ಲಿ ಪೊಲೀಸ್ ಪೇದೆ ಸೀಟಿ ಊದುತ್ತಾನೆ.

ವಾಹನಗಳ ಹರಿವು ನೀರಿಗಿಂತ ಹೆಚ್ಚಾಗಿ ಕಾಳನ್ನು ಹೋಲುತ್ತದೆ. ಹಾಪರಿನ ಮೇಲ್ಭಾಗವನ್ನು ಎಷ್ಟು ಅಗಲ ಮಾಡಿದರೂ ಬಾಯಿ ಹಾಗೆಯೇ ಇದ್ದರೆ ಗಿರಣಿಗೆ ಹೆಚ್ಚು ನೆಲ್ಲು ಬೀಳುವುದಿಲ್ಲ. ಅದೇ ರೀತಿ, ವೃತ್ತದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ರಸ್ತೆಯನ್ನು ಎರಡು ಪಟ್ಟು ಮಾಡಿದರೆ ಕಾಯುವ ವಾಹನಗಳಿಗೆ ನಿಲ್ಲಲು ಜಾಗ ಹೆಚ್ಚಾಗುತ್ತದೆಯೇ ಹೊರತು ದಾಟುವವುಗಳ ಸಂಖ್ಯೆ ಹೆಚ್ಚಾಗುವುದಿಲ್ಲ. ಹಾಗಾದರೆ ನಮ್ಮ ಪೇಟೆಯ ಬಾಯಿ ಎಲ್ಲಿದೆ? ಅದನ್ನು ಹುಡುಕಲು ಮೂರು ರಾಶಿಗಳು ಬೇಕು.

ಹರಿವು, ಸಾಂದ್ರತೆ, ವೇಗ

ರಸ್ತೆ ಬದಿಯ ಒಂದು ಗೆರೆಯನ್ನು ಗಂಟೆಗೆ ಎಷ್ಟು ವಾಹನಗಳು ದಾಟುತ್ತವೆ ಎಂಬುದು ಹರಿವು. ಒಂದು ಕಿಲೋಮೀಟರ್ ಉದ್ದದಲ್ಲಿ ಒಂದು ಕ್ಷಣಕ್ಕೆ ಎಷ್ಟು ವಾಹನಗಳಿವೆ ಎಂಬುದು ಸಾಂದ್ರತೆ. ಹರಿವು ಎಂದರೆ ಸಾಂದ್ರತೆ ಮತ್ತು ವೇಗದ ಗುಣಲಬ್ಧ. ವಿದ್ಯುತ್ ಪ್ರವಾಹದ ಪಾಠದಲ್ಲಿ ಎಲೆಕ್ಟ್ರಾನುಗಳಿಗೆ ನಾವು ಬರೆಯುವ ಸಮೀಕರಣವೂ ಇದೇ ಜಾತಿಯದು. ಒಂದು ವ್ಯತ್ಯಾಸ ಮಾತ್ರ ಮುಖ್ಯ: ವಾಹನಗಳ ವೇಗ ಸ್ವತಂತ್ರವಲ್ಲ. ಸಾಂದ್ರತೆ ಹೆಚ್ಚಿದಂತೆ ಚಾಲಕರು ವೇಗ ತಗ್ಗಿಸುತ್ತಾರೆ.

ಈ ಸಂಬಂಧವನ್ನು ಮೊದಲು ಅಳೆದವರಲ್ಲಿ ಅಮೆರಿಕದ ಬ್ರೂಸ್ ಗ್ರೀನ್‌ಶೀಲ್ಡ್ಸ್ ಒಬ್ಬರು. 1930ರ ದಶಕದ ಮೊದಲರ್ಧದಲ್ಲಿ ಓಹಾಯೊ ರಾಜ್ಯದ ರಸ್ತೆಗಳ ಪಕ್ಕದಲ್ಲಿ ಚಲನಚಿತ್ರದ ಕ್ಯಾಮರಾ ಇಟ್ಟು, ಸಮಾನ ಅಂತರದಲ್ಲಿ ತೆಗೆದ ಚಿತ್ರಗಳಿಂದ ವೇಗ ಮತ್ತು ಸಾಂದ್ರತೆಗಳನ್ನು ಅವರು ಲೆಕ್ಕ ಹಾಕಿದರು. ಸಾಂದ್ರತೆ ಹೆಚ್ಚಿದಂತೆ ವೇಗ ಸರಳರೇಖೆಯಲ್ಲಿ ಇಳಿಯುತ್ತದೆ ಎಂಬುದು ಅವರ ಮಾದರಿ. ನಿಜ ಸಂಗತಿ ಇಷ್ಟು ಸರಳವಲ್ಲ, ಆದರೆ ಪಾಠಕ್ಕೆ ಇದು ಸಾಕು.

ಒಂದು ಉದಾಹರಣೆ ನೋಡೋಣ. ಖಾಲಿ ರಸ್ತೆಯಲ್ಲಿ ವೇಗ ಗಂಟೆಗೆ 40 ಕಿ.ಮೀ. ಇರಲಿ. ವಾಹನಗಳು ಪೂರ್ತಿ ನಿಂತಾಗ ಒಂದೊಂದೂ ಅಂತರ ಸೇರಿ 7 ಮೀಟರ್ ತೆಗೆದುಕೊಳ್ಳಲಿ. ಆಗ ಒಂದು ಸಾಲಿನ ಗರಿಷ್ಠ ಸಾಂದ್ರತೆ ಕಿಲೋಮೀಟರಿಗೆ ಸುಮಾರು 140. ಖಾಲಿ ಇದ್ದಾಗ ಹರಿವು ಸೊನ್ನೆ. ಪೂರ್ತಿ ತುಂಬಿ ನಿಂತಾಗಲೂ ಸೊನ್ನೆ. ಇವೆರಡರ ನಡುವೆ ಹರಿವಿನ ನಕ್ಷೆ ಒಂದು ಪರವಲಯವಾಗುತ್ತದೆ. ಅದರ ತುದಿ ಸರಿಯಾಗಿ ನಡುವೆ, ಅಂದರೆ ಕಿಲೋಮೀಟರಿಗೆ 70 ವಾಹನ ಮತ್ತು ಗಂಟೆಗೆ 20 ಕಿ.ಮೀ. ವೇಗ ಇರುವಲ್ಲಿ. ಗುಣಿಸಿದರೆ ಗಂಟೆಗೆ 1400 ವಾಹನ. ಇದೇ ಆ ಸಾಲಿನ ಸಾಮರ್ಥ್ಯ. ತರಗತಿಯಲ್ಲಿ ಇದನ್ನು ಅವಕಲನದಿಂದಲೂ, ಬರಿಯ ಕೋಷ್ಟಕದಿಂದಲೂ ತೋರಿಸಬಹುದು.

ಇಲ್ಲಿ ಎರಡು ಅಂಶ ಗಮನಿಸಿ. ಗರಿಷ್ಠ ಹರಿವು ಸಿಗುವುದು ಗರಿಷ್ಠ ವೇಗದಲ್ಲಲ್ಲ, ಅದರ ಅರ್ಧದಲ್ಲಿ. ಪೇಟೆಯಲ್ಲಿ 20 ಕಿ.ಮೀ. ವೇಗದಲ್ಲಿ ಸಾಗುವ ರಸ್ತೆ ಕೆಟ್ಟ ರಸ್ತೆಯಲ್ಲ, ತನ್ನ ಕೆಲಸವನ್ನು ಪೂರ್ತಿ ಮಾಡುತ್ತಿರುವ ರಸ್ತೆ. ಎರಡನೆಯದು, ತುದಿಯನ್ನು ದಾಟಿದ ಮೇಲೆ ಇನ್ನೊಂದು ವಾಹನ ಒಳಬಂದರೆ ಹೊರಹೋಗುವವುಗಳ ಸಂಖ್ಯೆ ಕಡಿಮೆಯಾಗುತ್ತದೆ. ಈ ಭಾಗದಲ್ಲಿ ಹರಿವು ಅಸ್ಥಿರವೂ ಹೌದು. 2008ರಲ್ಲಿ ಪ್ರಕಟವಾದ ಜಪಾನಿನ ಒಂದು ಪ್ರಯೋಗದಲ್ಲಿ 230 ಮೀಟರ್ ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿದರು. ಅಡ್ಡಿ ಏನೂ ಇರಲಿಲ್ಲ, ಸಿಗ್ನಲ್ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ದಟ್ಟಣೆಯ ಒಂದು ಗಂಟು ತಾನಾಗಿಯೇ ಮೂಡಿ, ವಾಹನಗಳ ದಿಕ್ಕಿಗೆ ವಿರುದ್ಧವಾಗಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಚಲಿಸಿತು. ಹೀಗೆ ಹಿಂದೋಡುವ ಅಲೆಗಳ ಗಣಿತವನ್ನು ಲೈಟ್‌ಹಿಲ್ ಮತ್ತು ವಿಥಮ್ 1955ರಲ್ಲೇ ಬರೆದಿದ್ದರು. ಪೇಟೆಯಲ್ಲಿ ಒಂದು ಟಂಟಂ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಅರ್ಧ ನಿಮಿಷ ನಿಂತರೆ, ಅದು ಹೊರಟುಹೋದ ಮೇಲೂ ಅದರ ಅಲೆ ಹಿಂದೆ ಹಿಂದೆ ಹೋಗುತ್ತಿರುತ್ತದೆ. ಕಾರಣ ಕಾಣದೆ ನಾವು ಬ್ರೇಕ್ ಒತ್ತುತ್ತೇವೆ.

ಟ್ರ್ಯಾಕ್ಟರ್ ಎಂದರೆ ಎಷ್ಟು ವಾಹನ?

ಇದುವರೆಗೆ ‘ವಾಹನ’ ಎಂದೆವು. ಆದರೆ ಸೈಕಲ್ಲೂ ವಾಹನ, ನೆಲ್ಲಿನ ಚೀಲ ತುಂಬಿದ ಟ್ರ್ಯಾಕ್ಟರ್ ಟ್ರಾಲಿಯೂ ವಾಹನ. ಎರಡನ್ನೂ ಒಂದೊಂದು ಎಂದು ಎಣಿಸಿದರೆ ಲೆಕ್ಕ ಹಾಳಾಗುತ್ತದೆ. ಆದ್ದರಿಂದ ಎಲ್ಲವನ್ನೂ ಕಾರಿಗೆ ಹೋಲಿಸಿ ‘ಪ್ರಯಾಣಿಕ ಕಾರು ಮಾನ’, ಅಂದರೆ ಪಿಸಿಯು, ಎಂಬ ಘಟಕಕ್ಕೆ ಪರಿವರ್ತಿಸುತ್ತಾರೆ. ನಗರ ರಸ್ತೆಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ದ್ವಿಚಕ್ರ ವಾಹನಕ್ಕೆ 0.5ರಿಂದ 0.75, ಕಾರಿಗೆ 1, ಆಟೊರಿಕ್ಷಾಕ್ಕೆ 1.2ರಿಂದ 2, ಬಸ್ಸು ಲಾರಿಗಳಿಗೆ 2.2ರಿಂದ 3.7, ಟ್ರೈಲರ್ ಸಹಿತ ಟ್ರ್ಯಾಕ್ಟರಿಗೆ 4ರಿಂದ 5.5, ಕೈಗಾಡಿಗೆ 2ರಿಂದ 3 ಎಂದಿದೆ. ಬೆಂಗಳೂರಿನಲ್ಲಿ ಕುಳಿತು ಯೋಜನೆ ಮಾಡುವವರು ಟ್ರ್ಯಾಕ್ಟರಿನ ಸಾಲನ್ನು ಬೇಗ ದಾಟಿ ಹೋಗಬಹುದು. ಸಿಂಧನೂರಿನಲ್ಲಿ ಅದೇ ಮುಖ್ಯವಾದ ಸಾಲು.

ಲೆಕ್ಕ ಮಾಡಿ ನೋಡಿ. ಸಾಮಾನ್ಯ ದಿನ ಒಂದು ರಸ್ತೆಯಿಂದ ವೃತ್ತಕ್ಕೆ ಗಂಟೆಗೆ 400 ಬೈಕು, 60 ಆಟೊ ಟಂಟಂ, 50 ಕಾರು, 30 ಬಸ್ಸು ಲಾರಿ ಬರುತ್ತವೆ ಎಂದು ಭಾವಿಸೋಣ. ಈ ಅಂಕಿಗಳು ಉದಾಹರಣೆಗೆ ಮಾತ್ರ. 0.75, 2, 1, 3 ಎಂಬ ಗುಣಕಗಳನ್ನು ಬಳಸಿದರೆ 300, 120, 50, 90. ಒಟ್ಟು 560 ಪಿಸಿಯು. ವಾಹನಗಳ ಸಂಖ್ಯೆ 540. ಕೊಯ್ಲಿನ ದಿನಗಳಲ್ಲಿ ಇದಕ್ಕೆ 40 ಟ್ರ್ಯಾಕ್ಟರ್ ಟ್ರಾಲಿ ಸೇರಿದವೆನ್ನಿ. ಸಂಖ್ಯೆ ಹೆಚ್ಚಿದ್ದು ಶೇಕಡಾ 7ರಷ್ಟು. ಆದರೆ ಒಂದಕ್ಕೆ 5ರಂತೆ 200 ಪಿಸಿಯು ಸೇರಿ ಹೊರೆ 760ಕ್ಕೆ ಏರಿತು, ಅಂದರೆ ಶೇಕಡಾ 36ರಷ್ಟು. ನವೆಂಬರ್–ಡಿಸೆಂಬರಿನಲ್ಲಿ ಮುಂಗಾರಿನ ನೆಲ್ಲು ಮಾರುಕಟ್ಟೆಗೆ ಬರುವಾಗ ಪೇಟೆ ಇದ್ದಕ್ಕಿದ್ದಂತೆ ಕಟ್ಟಿಕೊಳ್ಳುವುದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇದರಿಂದ ಇನ್ನೊಂದು ಎಚ್ಚರವೂ ಹೊರಡುತ್ತದೆ. ಆಗಸ್ಟಿನಲ್ಲಿ ಮೂರು ದಿನ ಎಣಿಸಿ ತಯಾರಿಸಿದ ವರದಿಯನ್ನು ಈ ಊರಿನಲ್ಲಿ ನಂಬಬಾರದು. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡದ ವರ್ಷದ ಏಪ್ರಿಲ್ ಎಣಿಕೆಯನ್ನೂ ನಂಬಬಾರದು.

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಜೋಡಿ ಅಂಕಿಯಿದೆ. ಎರಡು ಸಾಲಿನ, ಎರಡು ದಿಕ್ಕಿನ ರಸ್ತೆಗೆ ವಿನ್ಯಾಸದ ಹೊರೆ ಗಂಟೆಗೆ 1500 ಪಿಸಿಯು. ಇದು ಬದಿಯಲ್ಲಿ ವಾಹನ ನಿಲ್ಲಿಸದ, ಅಂಗಡಿಗಳಿಗೆ ನೇರ ಪ್ರವೇಶವಿಲ್ಲದ ರಸ್ತೆಗೆ. ಅಷ್ಟೇ ಅಗಲದ ರಸ್ತೆಯ ಬದಿಯಲ್ಲಿ ವಾಹನಗಳು ನಿಂತು, ಜನ ಅಡ್ಡಾದಿಡ್ಡಿ ದಾಟುತ್ತಿದ್ದರೆ 900. ಅಗಲ ಬದಲಾಗಿಲ್ಲ, ಸಾಮರ್ಥ್ಯದ ಶೇಕಡಾ 40 ಹೋಗಿದೆ. 2017ರಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ನಮ್ಮ ದೇಶದ ಅಳತೆಗಳ ಮೇಲೆಯೇ ಹೊಸ ಕೈಪಿಡಿಯೊಂದನ್ನು ತಂದಿದೆ. ಅದರಲ್ಲಿ ವಿಧಾನಗಳು ಇನ್ನೂ ಸೂಕ್ಷ್ಮವಾಗಿವೆ. ನಮ್ಮ ಈಗಿನ ಉದ್ದೇಶಕ್ಕೆ ಹಳೆಯ ಸರಳ ಅಂಕಿಗಳೇ ಸಾಕು.

ವೃತ್ತದ ಗಣಿತ

ಈಗ ಬಾಯಿಗೆ ಬರೋಣ. ನಾಲ್ಕು ರಸ್ತೆಗಳು ಕೂಡುವಲ್ಲಿ ವಾಹನಗಳ ದಾರಿಗಳನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿ. ನೇರ ಹೋಗುವವು, ಎಡಕ್ಕೆ ತಿರುಗುವವು, ಬಲಕ್ಕೆ ತಿರುಗುವವು ಎಲ್ಲ ಸೇರಿ ಗೆರೆಗಳು 32 ಕಡೆ ಕೂಡುತ್ತವೆ, ಅಗಲುತ್ತವೆ ಅಥವಾ ಕತ್ತರಿಸುತ್ತವೆ. ಮೂರು ರಸ್ತೆ ಕೂಡುವಲ್ಲಿ ಇಂಥ ಸ್ಥಾನಗಳು 9 ಮಾತ್ರ. ನಾಲ್ಕು ರಸ್ತೆಗಳಿದ್ದರೂ ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುವ ಒಂದು ಸಾಲಿನ ವೃತ್ತವಾದರೆ 8. ವೃತ್ತದ ನಡುವೆ ಪ್ರತಿಮೆ ಇರುವುದು ಗೌರವಕ್ಕೆಂದು ನಾವು ತಿಳಿದಿದ್ದೇವೆ. ಅದರ ಸುತ್ತ ತಿರುಗುವುದರಲ್ಲಿ ಸುರಕ್ಷತೆಯೂ ಇದೆ. ಆದರೆ ಅಡ್ಡದಾರಿ ಹಿಡಿದು ಪ್ರತಿಮೆಯ ಬಲಗಡೆಯಿಂದಲೇ ನುಗ್ಗುವ ಬೈಕು ಈ ಲಾಭವನ್ನೆಲ್ಲ ಕಳೆಯುತ್ತದೆ.

ಹೊರೆ ಹೆಚ್ಚಾದಾಗ ಸಿಗ್ನಲ್ ಬೇಕಾಗುತ್ತದೆ. ಹಸಿರು ದೀಪ ಬಿಟ್ಟೂಬಿಡದೆ ಇದ್ದರೆ ನಿಲುಗಡೆ ಗೆರೆಯನ್ನು ಗಂಟೆಗೆ ಎಷ್ಟು ಪಿಸಿಯು ದಾಟಬಹುದು ಎಂಬುದಕ್ಕೆ ಒಂದು ಒರಟು ಸೂತ್ರವಿದೆ: ಮೀಟರುಗಳಲ್ಲಿ ಅಗಲವನ್ನು 525ರಿಂದ ಗುಣಿಸಿ. ಇದು ಐದೂವರೆ ಮೀಟರಿಗಿಂತ ಹೆಚ್ಚಿನ ಅಗಲಕ್ಕೆ ಅನ್ವಯ. 7 ಮೀಟರ್ ಅಗಲವಾದರೆ 3675. ನಾಲ್ಕು ರಸ್ತೆಗಳಿಗೂ ಸರದಿಯಂತೆ ಹಸಿರು ಕೊಡುವ 120 ಸೆಕೆಂಡಿನ ಸುತ್ತನ್ನು ತೆಗೆದುಕೊಳ್ಳಿ. ಪ್ರತಿ ಸರದಿ ಬದಲಾಗುವಾಗ ಸುಮಾರು 4 ಸೆಕೆಂಡ್ ವ್ಯರ್ಥವಾಗುತ್ತದೆ, ನಾಲ್ಕಕ್ಕೆ 16. ಉಳಿದ 104ರಲ್ಲಿ ಒಂದೊಂದು ರಸ್ತೆಗೆ 26 ಸೆಕೆಂಡ್. 3675ನ್ನು 26ರಿಂದ ಗುಣಿಸಿ 120ರಿಂದ ಭಾಗಿಸಿದರೆ ಗಂಟೆಗೆ ಸುಮಾರು 796 ಪಿಸಿಯು. ಹಾಪರಿನ ಬಾಯಿ ಇದೇ.

ಈಗ ನಿಲುಗಡೆ ಗೆರೆಯ ಪಕ್ಕದಲ್ಲಿ ಎರಡು ತಳ್ಳುಬಂಡಿಗಳು, ಒಂದು ನಿಂತ ಕಾರು ಸೇರಿ ಎರಡೂವರೆ ಮೀಟರ್ ನುಂಗಿವೆ ಎನ್ನಿ. ಉಳಿದ ನಾಲ್ಕೂವರೆ ಮೀಟರಿಗೆ ಕೋಷ್ಟಕದಲ್ಲಿ ಸಿಗುವ ಅಂಕಿ 2250. ಅದೇ 26 ಸೆಕೆಂಡಿಗೆ ಸಾಮರ್ಥ್ಯ 488. ಸುಮಾರು 308 ಪಿಸಿಯು ಮಾಯವಾಯಿತು. ಇದನ್ನು ಮರಳಿ ಪಡೆಯಲು ಯಾರ ಗೋಡೆಯನ್ನೂ ಒಡೆಯಬೇಕಿಲ್ಲ. ವೃತ್ತದ ಸುತ್ತ ಐವತ್ತು ಅರವತ್ತು ಮೀಟರ್ ಜಾಗ ಖಾಲಿ ಇದ್ದರೆ ಸಾಕು. ಹಾಗೆಂದು ತಳ್ಳುಬಂಡಿಯವರನ್ನು ಓಡಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅವರಿಗೆ ಜಾಗ ಗುರುತಿಸಿ ಕೊಡುವ ಹೊಣೆ ಸ್ಥಳೀಯ ಸಂಸ್ಥೆಯದು. ಗಿರಾಕಿ ನಡೆದು ಬರುವಷ್ಟು ಹತ್ತಿರ, ನಿಲುಗಡೆ ಗೆರೆಯಿಂದ ಸಾಕಷ್ಟು ದೂರ, ಅಂಥ ಜಾಗ ಹುಡುಕಿದರೆ ಸಿಗುತ್ತದೆ. ಬಸ್ಸು ನಿಲ್ಲುವ ಜಾಗಕ್ಕೂ ಇದೇ ನಿಯಮ: ವೃತ್ತದ ಬಾಯಲ್ಲಿ ಬೇಡ, ದಾಟಿದ ಮೇಲೆ ಸ್ವಲ್ಪ ಮುಂದೆ.

ಸ್ವಲ್ಪ ಕೊರತೆ ಎಷ್ಟು ದೊಡ್ಡ ಸಾಲಾಗುತ್ತದೆ ಎಂಬುದೂ ಲೆಕ್ಕಕ್ಕೆ ಸಿಗುತ್ತದೆ. ಸಾಮರ್ಥ್ಯ 796 ಇರುವಲ್ಲಿಗೆ ಒಂದು ಗಂಟೆ ಕಾಲ 900 ಬಂದರೆ ಉಳಿಯುವುದು 104. ಎರಡು ಸಾಲಾಗಿ, ಒಂದೊಂದಕ್ಕೆ 7 ಮೀಟರಿನಂತೆ ನಿಂತರೆ 364 ಮೀಟರ್ ಉದ್ದ. ಆಮೇಲೆ ಬರುವುದು 600ಕ್ಕೆ ಇಳಿದರೂ ಗಂಟೆಗೆ 196ರಂತೆ ಮಾತ್ರ ಸಾಲು ಕರಗುತ್ತದೆ, ಅಂದರೆ ಇನ್ನೂ ಅರ್ಧ ಗಂಟೆಗಿಂತ ಹೆಚ್ಚು. ಶೇಕಡಾ 13ರ ಹೆಚ್ಚಳ ಒಂದೂವರೆ ಗಂಟೆಯ ಕಿರಿಕಿರಿಯಾಯಿತು. ಇದರ ಮಗ್ಗುಲೂ ಅಷ್ಟೇ ನಿಜ: ಸಾಮರ್ಥ್ಯವನ್ನು ಶೇಕಡಾ 15ರಷ್ಟು ಹೆಚ್ಚಿಸಿದರೆ ಆ ಸಾಲೇ ಇರುವುದಿಲ್ಲ. ಸಣ್ಣ ದುರಸ್ತಿಗಳಿಗೆ ಇಷ್ಟು ಶಕ್ತಿ ಬರುವುದು ಇಲ್ಲಿಂದ.

ಬಲತಿರುವನ್ನು ಮುಂದಿನ ತೆರವಿಗೆ ಕಳುಹಿಸಿ ನಾಲ್ಕು ಸರದಿಯನ್ನು ಎರಡಕ್ಕೆ ಇಳಿಸಿದರೆ ವ್ಯರ್ಥವಾಗುವುದು 8 ಸೆಕೆಂಡ್ ಮಾತ್ರ. ಪ್ರತಿ ದಿಕ್ಕಿಗೂ 56 ಸೆಕೆಂಡ್ ಹಸಿರು. ಅದೇ 7 ಮೀಟರಿನ ಸಾಮರ್ಥ್ಯ 796ರಿಂದ 1715ಕ್ಕೆ ಏರುತ್ತದೆ. ಕಾಗದದ ಮೇಲೆ ಇದು ಜಾದುವಿನಂತೆ ಕಾಣುತ್ತದೆ. ನಿಜದಲ್ಲಿ ಬಲಕ್ಕೆ ಹೋಗಬೇಕಾದವರು ಮುಂದೆ ಹೋಗಿ ಮರಳಿ ಬರಬೇಕು. ಟ್ರಾಲಿ ಎಳೆದ ಟ್ರ್ಯಾಕ್ಟರ್ ತಿರುಗಲು ವಿಶಾಲ ಜಾಗ ಬೇಕು. ಆ ಜಾಗ ಇದೆಯೇ ಎಂದು ಅಳೆಯದೆ ಈ ಉಪಾಯಕ್ಕೆ ಕೈಹಾಕಬಾರದು.

ನಡೆದು ಹೋಗುವವರು

ಮೇಲಿನ ಯಾವ ಲೆಕ್ಕದಲ್ಲಿಯೂ ನಡೆಯುವವರು ಬರಲಿಲ್ಲ. ಪಿಸಿಯು ಕೋಷ್ಟಕದಲ್ಲಿ ಮನುಷ್ಯನಿಗೆ ಅಂಕಿಯೇ ಇಲ್ಲ. ಇದು ಈ ವಿಧಾನದ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. 14 ಮೀಟರ್ ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ ದಾಟಲು 12 ಸೆಕೆಂಡ್ ಬೇಕು. ಮೊಣಕಾಲು ನೋವಿನ ಅಜ್ಜಿಗೆ, ಚೀಲ ಹೊತ್ತವರಿಗೆ 18 ಆಗಬಹುದು. ರಸ್ತೆ ಅಗಲವಾದಷ್ಟೂ ಈ ಹೊತ್ತು ಹೆಚ್ಚುತ್ತದೆ. ಅಗಲವಾದ ರಸ್ತೆಯಲ್ಲಿ ದಟ್ಟಣೆ ಇಲ್ಲದ ಹೊತ್ತು ವೇಗವೂ ಏರುತ್ತದೆ. 30ರಿಂದ 50 ಕಿ.ಮೀ.ಗೆ ಏರಿದರೆ ಚಲನಶಕ್ತಿ ಸುಮಾರು 2.8 ಪಟ್ಟು, ಬ್ರೇಕ್ ಹಾಕಿದ ಮೇಲೆ ಸಾಗುವ ದೂರವೂ ಅಷ್ಟೇ ಪಟ್ಟು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದವರೇ ಶೇಕಡಾ 44ರಷ್ಟು. ಆದ್ದರಿಂದ ಕನಿಷ್ಠ 1.8 ಮೀಟರ್ ಪಾದಚಾರಿ ದಾರಿ, ರಸ್ತೆ ನಡುವೆ ನಿಂತು ಉಸಿರಾಡಲು ಒಂದು ದ್ವೀಪ, ಸಿಗ್ನಲ್ಲಿನಲ್ಲಿ ದಾಟುವವರ ಪಾಲಿನ ಸೆಕೆಂಡುಗಳು, ಇವನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ವಾಹನಗಳಿಗೆ ಹಂಚುವುದು ಸರಿಯಾದ ಕ್ರಮ. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು.

ಜನರನ್ನು ಎಣಿಸಿದರೆ ಬಸ್ಸಿನ ಬೆಲೆಯೂ ಬದಲಾಗುತ್ತದೆ. 50 ಜನ ಇರುವ ಬಸ್ಸು 3 ಪಿಸಿಯು ಎಂದರೆ ಒಂದು ಪಿಸಿಯುಗೆ ಸುಮಾರು 17 ಜನ. ಎಂಟು ಜನರ ಟಂಟಂ 2 ಪಿಸಿಯು ಎಂದರೆ 4. ಕಾರು, ಬೈಕುಗಳಲ್ಲಿ 2ರ ಆಸುಪಾಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಗಳ ಹೆಣ್ಣುಮಕ್ಕಳು ಟಂಟಂ ಬಿಟ್ಟು ಬಸ್ಸು ಹತ್ತಿದಷ್ಟೂ ವೃತ್ತದ ಮೇಲಿನ ಹೊರೆ ಇಳಿಯಬೇಕು, ಬಸ್ ನಿಲ್ದಾಣದ ಮೇಲಿನ ಹೊರೆ ಏರಬೇಕು.

ನಿಲ್ದಾಣಕ್ಕೆ ಎಷ್ಟು ಅಂಕಣ ಬೇಕೆಂದು ತಿಳಿಯಲು 1961ರಲ್ಲಿ ಜಾನ್ ಲಿಟ್ಲ್ ಸಾಧಿಸಿದ ಸರಳ ನಿಯಮವಿದೆ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ದರ ಮತ್ತು ಉಳಿಯುವ ಕಾಲದ ಗುಣಲಬ್ಧ. ಗಂಟೆಗೆ 60 ಬಸ್ಸು, ಒಂದೊಂದು 12 ನಿಮಿಷ ಎಂದರೆ ಸರಾಸರಿ 12 ಬಸ್ಸುಗಳು ಒಳಗಿರುತ್ತವೆ. ಸರಾಸರಿಗೆ ಸರಿಯಾಗಿ 12 ಅಂಕಣ ಕಟ್ಟಿದರೆ ಎಷ್ಟೋ ಹೊತ್ತು 13ನೆಯ, 14ನೆಯ ಬಸ್ಸು ಹೆದ್ದಾರಿಯ ಮೇಲೆಯೇ ಕಾಯುತ್ತದೆ. ನಿಲ್ಲುವ ಕಾಲವನ್ನು 8 ನಿಮಿಷಕ್ಕೆ ಇಳಿಸಿದರೆ ಸರಾಸರಿ 8. ಹೊಸ ಕಟ್ಟಡವಿಲ್ಲದೆ ನಾಲ್ಕು ಅಂಕಣ ಮಿಗುತ್ತವೆ. ಪೇಟೆಯಲ್ಲಿ ಕಾರು, ಬೈಕು ನಿಲ್ಲಿಸುವ ಜಾಗದ ಲೆಕ್ಕವೂ ಇದೇ. ಅಂಗಡಿ ಮಾಲೀಕನ ಸ್ವಂತ ಬೈಕು ಬೆಳಗಿನಿಂದ ರಾತ್ರಿಯವರೆಗೆ ಅಂಗಡಿ ಮುಂದೆಯೇ ನಿಂತರೆ, ಅರ್ಧ ಗಂಟೆಗೊಬ್ಬರಂತೆ ಬರಬಹುದಾಗಿದ್ದ ಇಪ್ಪತ್ತು ಗಿರಾಕಿಗಳ ಜಾಗವನ್ನು ಅದು ತಿಂದಿರುತ್ತದೆ.

ಬೈಪಾಸ್ ಯಾರಿಗೆ?

ಬೈಪಾಸ್ ಬಗ್ಗೆ ಒಂದೇ ಮಾತು ತಿಳಿದಿರಬೇಕು: ಅದು ಊರನ್ನು ಹಾದುಹೋಗುವ ವಾಹನಗಳನ್ನು ತಪ್ಪಿಸುತ್ತದೆ, ಊರಿಗೇ ಬರುವವುಗಳನ್ನಲ್ಲ. ಇವೆರಡರ ಪಾಲು ತಿಳಿಯಲು ಊರಿನ ಎರಡು ತುದಿಗಳಲ್ಲಿ ಏಕಕಾಲಕ್ಕೆ ನಿಂತು ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು, ಸಮಯ ಸಹಿತ, ಬರೆದುಕೊಳ್ಳಬೇಕು. ಒಂದು ತುದಿಯಲ್ಲಿ ಕಂಡದ್ದು ಹದಿನೈದು ಇಪ್ಪತ್ತು ನಿಮಿಷದೊಳಗೆ ಇನ್ನೊಂದು ತುದಿಯಲ್ಲಿ ಕಂಡರೆ ಅದು ಹಾದುಹೋಗುವ ವಾಹನ. ಸಿಂಧನೂರಿನಂಥ ಮಾರುಕಟ್ಟೆಯ ಊರಿನಲ್ಲಿ ಬರುವ ವಾಹನಗಳಿಗೆ ಬಹುಪಾಲು ಊರೇ ಗುರಿ ಎಂದು ನನ್ನ ಊಹೆ. ಹಾಗಿದ್ದರೆ ಅಲ್ಲಿ ಬೈಪಾಸಿಗಿಂತ ಗಿರಣಿ, ಮಾರುಕಟ್ಟೆ, ರೈಲು ನಿಲ್ದಾಣಗಳನ್ನು ವೃತ್ತ ಮುಟ್ಟದೆ ಜೋಡಿಸುವ ಅಡ್ಡರಸ್ತೆಗಳೇ ಹೆಚ್ಚು ಫಲ ಕೊಡುತ್ತವೆ. ಮಸ್ಕಿಯಂಥ ಚಿಕ್ಕ ಊರಿನಲ್ಲಿ ಹಾದುಹೋಗುವ ಲಾರಿಯ ಪಾಲು ಹೆಚ್ಚಿರುವುದು ಸಂಭವ. ಅಲ್ಲಿ ಲೆಕ್ಕ ತಿರುಗುಮುರುಗಾದೀತು. ಲಿಂಗಸುಗೂರು ನಡುವಿನದು. ಊಹೆಗೆ ಬೆಲೆ ಬರುವುದು ಎಣಿಸಿದ ಮೇಲೆ.

ಇನ್ನೊಂದು ತೊಡಕು ಭೌತವಿಜ್ಞಾನಕ್ಕೆ ಸೇರಿದ್ದಲ್ಲ. ಒಂದೇ ವೃತ್ತದಲ್ಲಿ ರಾಷ್ಟ್ರೀಯ ಹೆದ್ದಾರಿ ಒಬ್ಬರದು, ಅಡ್ಡ ಬರುವ ರಸ್ತೆ ಇನ್ನೊಬ್ಬರದು, ಚರಂಡಿ ಮತ್ತು ತಳ್ಳುಬಂಡಿ ನಗರಸಭೆಯದು, ಬಸ್ಸು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು, ಸೀಟಿ ಪೊಲೀಸರದು. ಎರಡೂವರೆ ಮೀಟರ್ ಜಾಗ ಖಾಲಿ ಮಾಡಿಸಲು ಇಷ್ಟೂ ಕಚೇರಿಗಳು ಒಂದು ಮೇಜಿಗೆ ಬರಬೇಕು. ಅಂಥ ಸಭೆಯಲ್ಲಿ ಊರಿನ ಶಾಲೆಯೊಂದು ಮಾಡಿದ ಎಣಿಕೆಯ ಹಾಳೆಗಳಿದ್ದರೆ ಮಾತಿನ ರೀತಿ ಬೇರೆಯಾಗುತ್ತದೆ.

ಎಣಿಸುವವರಿಗೆ ಕೆಲವು ಸೂಚನೆಗಳು. ರಸ್ತೆಯ ಮೇಲೆ ಬೇಡ, ಮಹಡಿಯ ಮೇಲಿನಿಂದ ಎಣಿಸಿ. ಅಲ್ಲಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ತರಗತಿಯಲ್ಲಿ ನಿಧಾನವಾಗಿ ನೋಡುವುದು ಇನ್ನೂ ಒಳ್ಳೆಯದು. ಹದಿನೈದು ನಿಮಿಷಕ್ಕೊಂದು ಹಾಳೆ, ಒಂದೊಂದು ತಿರುವಿಗೆ ಇಬ್ಬರು ವಿದ್ಯಾರ್ಥಿಗಳು. ಸಂತೆಯ ದಿನ ಒಮ್ಮೆ, ಬೇರೆ ದಿನ ಒಮ್ಮೆ, ಕೊಯ್ಲಿನಲ್ಲಿ ಒಮ್ಮೆ. ದಾಟುವ ಜನರನ್ನು ತಪ್ಪದೆ ಎಣಿಸಿ, ಒಬ್ಬೊಬ್ಬರು ಕಾದ ಸೆಕೆಂಡುಗಳನ್ನೂ ಗುರುತಿಸಿ. ಮುಂದಿನ ವರ್ಷ ಅದೇ ವಾರ ಮತ್ತೆ ಎಣಿಸಿದರೆ ಬೆಳವಣಿಗೆಯ ದರ ಸಿಗುತ್ತದೆ. ವರ್ಷಕ್ಕೆ ಶೇಕಡಾ 7 ಎಂದರೆ ಹತ್ತು ವರ್ಷಕ್ಕೆ ಇಮ್ಮಡಿ. ಟ್ರ್ಯಾಕ್ಟರಿಗೆ ಹಾಳೆಯಲ್ಲಿ ಎರಡು ಕಲಂ ಬಿಡಿ, ಟ್ರಾಲಿ ಇರುವುದು ಮತ್ತು ಇಲ್ಲದ್ದು. ಟ್ರಾಲಿ ಇರುವುದು ನಿಲುಗಡೆ ಗೆರೆ ದಾಟಲು ಎಷ್ಟು ಸೆಕೆಂಡ್ ತೆಗೆದುಕೊಂಡಿತು, ಅದೇ ಜಾಗದಲ್ಲಿ ಕಾರು ಎಷ್ಟು ತೆಗೆದುಕೊಂಡಿತು ಎಂದು ಅಳೆದು ಭಾಗಿಸಿದರೆ ನಿಮ್ಮ ಊರಿನ ಟ್ರ್ಯಾಕ್ಟರಿನ ಪಿಸಿಯು ಸುಮಾರಾಗಿ ನಿಮಗೇ ಸಿಗುತ್ತದೆ. ಅದು 4 ಮತ್ತು 5.5ರ ನಡುವೆ ಬಂತೋ ಅಥವಾ ಹೊರಗೆ ಹೋಯಿತೋ, ಕೋಷ್ಟಕದ ಪಕ್ಕದಲ್ಲಿ ಬರೆದಿಡಿ.